ಹಠದ ಮಗು: ಯಾವ ಆ್ಯಪ್ ಹಾಕಿಕೊಳ್ಳಲಿ?

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಅಪ್ಪ ಗಲ್ಫಿನಲ್ಲಿ, ಮಗು ಅಮ್ಮ-ಅಜ್ಜಿಯ ಜೊತೆ ಇರುವ ಮನೆಗಳು ಬೇಕಾದಷ್ಟಿವೆ. ಮಗು ಹೊಡೆಯುತ್ತೆ, ಎಸೆಯುತ್ತೆ ಅಂತ ಆ್ಯಪ್ ಹುಡುಕುವಾಗ ಇದೂ ಲೆಕ್ಕಕ್ಕಿರಲಿ.

ಒಳ್ಳೆಯದಾಗಿ ನಡೆದುಕೊಂಡಾಗ ಮಗುವಿಗೆ ಸ್ಟಾರ್ ಕೊಡುವ ಸ್ಟಾರ್ ಚಾರ್ಟ್ ಆ್ಯಪ್ ಸುಲಭ. ಇಬ್ಬರ ಫೋನಿನಲ್ಲೂ ತೆರೆಯುವಂಥದ್ದಾದರೆ ಅಪ್ಪ ಅಲ್ಲಿಂದಲೇ ನೋಡಿ ಶಹಬ್ಬಾಸ್ ಅನ್ನಬಹುದು. ಆದರೆ ಹೊಸತನ ಬೇಗ ಹೋಗುತ್ತೆ. ಕೊಟ್ಟ ಸ್ಟಾರ್ ಕಿತ್ತುಕೊಂಡರಂತೂ ಜಗಳ ಜಾಸ್ತಿ.

ಆಸ್ಟ್ರೇಲಿಯದ 'ಟ್ರಿಪಲ್ ಪಿ'ಯಂಥ ಆನ್‌ಲೈನ್ ಕೋರ್ಸ್‌ನಲ್ಲಿ ಪಾಠ ಮಗುವಿಗಲ್ಲ, ದೊಡ್ಡವರಿಗೆ. ಹುರುಳಿದೆ, ಆದರೆ ಇಂಗ್ಲಿಷ್ ಬಾರದ ಅಜ್ಜಿಗೆ ಅಮ್ಮನೇ ಹೇಳಿಕೊಡಬೇಕು.

ನನ್ನ ಓಟು ಥೆರಪಿಸ್ಟ್ ಜೊತೆಗಿರುವ ವಿಡಿಯೊ ಕಾಲ್‌ಗೆ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ 'ಪಿಸಿಐಟಿ' (ಹೆತ್ತವರು-ಮಗುವಿನ ಒಡನಾಟ ತಿದ್ದುವ ಥೆರಪಿ) ಹೀಗೆ ವಿಡಿಯೊದಲ್ಲೂ ನಡೆಯುತ್ತೆ. ಅದು ಮುಖ್ಯವಾಗಿ 2ರಿಂದ 7 ವರ್ಷದ ಮಕ್ಕಳಿಗೆ. ಅಮ್ಮ ಆಡಿಸುತ್ತಾರೆ, ಕಿವಿಯ ಇಯರ್‌ಫೋನಿನಲ್ಲಿ ಥೆರಪಿಸ್ಟ್ ಆಗಿಂದಾಗಲೇ ತಿದ್ದುತ್ತಾರೆ. ಮನೆಯಲ್ಲಿ ದಿನಾ 5 ನಿಮಿಷ ಮಗು ಹೇಳಿದಂತೆ ಆಟ. ಆ ಹೊತ್ತಿನಲ್ಲಿ ಆಜ್ಞೆ ಇಲ್ಲ, ಪ್ರಶ್ನೆ ಇಲ್ಲ. ಸುಮ್ನೆ 'ಗುಡ್ ಬಾಯ್' ಅಂದರೆ ಸಾಲದು. 'ಬ್ಲಾಕ್ ಎಸೆಯದೆ ಕೈಗೆ ಕೊಟ್ಟೆ, ಖುಷಿಯಾಯ್ತು' ಅನ್ನಬೇಕು. ಕಷ್ಟ ಅಲ್ವಾ? ಅದಕ್ಕೇ ತಿದ್ದುವವರು ಬೇಕು. ಖರ್ಚೂ ಇದೆ, ನೆಟ್‌ವರ್ಕೂ ಬೇಕು. ಕಾಸರಗೋಡಿನಲ್ಲಿ ಕನ್ನಡ ಬಲ್ಲವರು ಸಿಗದಿದ್ದರೆ ಮಂಗಳೂರಿನಲ್ಲಿ ವಿಚಾರಿಸಿ.

ಮಗು ತನಗೋ ಇನ್ನೊಬ್ಬರಿಗೋ ಗಾಯ ಮಾಡುವಷ್ಟಾಗಿದ್ದರೆ ಆ್ಯಪ್ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ.