ಕಲ್ಲಿನ ಕಿಟ್: ಬಿಳಿ ಬಿಲ್ಲೆಗೆ ಮೂರು ಸ್ಟಾರ್

ಆರನೇ ಕ್ಲಾಸಿನ ಮಗಳಿಗೆಂದು ಆನ್‌ಲೈನ್‌ನಲ್ಲಿ ಕಲ್ಲಿನ ಕಿಟ್ ತರಿಸಿದೆ. ಹನ್ನೆರಡು ಕಲ್ಲು, ಒಂದು ಭೂತಗನ್ನಡಿ, ಗೀಚಿ ನೋಡಲು ಬಿಳಿ ಬಿಲ್ಲೆ. ಆ ಬಿಲ್ಲೆ ಮಾತ್ರ ಸೂಪರ್! ಕರ್ರಗೆ ಹೊಳೆಯುವ ಹೆಮಟೈಟ್ (ಕಬ್ಬಿಣದ ಅದಿರು) ಅದರ ಮೇಲೆ ಕೆಂಪು ಗೆರೆ ಎಳೆದಾಗ, ಮಗಳು ಊಟ ಬಿಟ್ಟು ಎಂಜಲು ಕೈಯಲ್ಲೇ ಓಡಿ ಬಂದು ತೋರಿಸಿದಳು. ಭೂತಗನ್ನಡಿ ಮಸುಕು. ಹೆಸರಿನ ಚೀಟಿಗಳು ಎರಡೇ ದಿನಕ್ಕೆ ಉದುರಿದವು, ಈಗ ಯಾವ ಕಲ್ಲು ಯಾವುದೋ! ಪುಸ್ತಿಕೆ ಬರೀ ಇಂಗ್ಲಿಷ್.

ಅಲ್ಲ, ನಾವಿರುವುದು ಬಾಗಲಕೋಟೆಯಲ್ಲಿ, ಇಲ್ಲಿ ಕಲ್ಲಿಗೇನು ಬರ? ನಮ್ಮ ಸುಣ್ಣದ ಕಲ್ಲನ್ನು ಮೊಳೆಯಿಂದ ಕೆರೆದು ಆ ಪುಡಿಗೆ ನಿಂಬೆರಸ ಹಿಂಡಿದೆವು, ಚುರ್ ಎಂದು ನೊರೆ ಬಂತು. ಇಳಕಲ್ ಗ್ರಾನೈಟ್ ಚೂರಿಗೆ ಅದೇ ರಸ ಹಾಕಿದರೆ ಏನೂ ಇಲ್ಲ. ಯಾಕೆ ಅಂತ ಅವಳೇ ಕೇಳಿದಳು, ಅದೇ ಬೇಕಿತ್ತು ಅಲ್ವಾ? ಮುಂದಿನ ವಾರ ಬಾದಾಮಿಗೆ ಹೋಗಿ ಬಂಡೆಯಲ್ಲಿ ಮರಳಿನ ಪದರ ಎಣಿಸುತ್ತಾಳಂತೆ. ಗುಹೆಗಳ ಹತ್ತಿರ ಕಲ್ಲು ಒಡೆಯಬೇಡ ಎಂದು ಈಗಲೇ ಹೇಳಿದ್ದೇನೆ.

ಕಿಟ್ ಕೊಳ್ಳುವುದಾದರೆ ಬಂದ ದಿನವೇ ಕಲ್ಲುಗಳ ಮೇಲೆ ಮಾರ್ಕರ್‌ನಿಂದ ನಂಬರ್ ಬರೆದಿಡಿ.