ದಪ್ಪ ಜಾಕೆಟ್ಟೋ, ಪದರ ಪದರ ಬಟ್ಟೆಯೋ?

ಜನವರಿಯಲ್ಲಿ ಟೊರಾಂಟೊದಿಂದ ದಾವಣಗೆರೆಗೆ ಬರುವವರು ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಮನೆ ಬಿಡುತ್ತಾರೆ. ಇಲ್ಲಿ ಮಧ್ಯಾಹ್ನ 30 ಡಿಗ್ರಿ ಹತ್ತಿರದ ಬಿಸಿಲು.

ದಪ್ಪ ಜಾಕೆಟ್ ಒಂದಿದ್ದರೆ ವಿಮಾನ ಹತ್ತುವವರೆಗೆ ಬೆಚ್ಚಗಿರುತ್ತದೆ, ನಿಜ. ಆಮೇಲೆ ಅದೇ ಹೊರೆ. ನನ್ನ ತಂಗಿ ಹೋದ ವರ್ಷ ಹಾಗೇ ಬಂದಳು. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್ ದಾರಿ. ಜಾಕೆಟ್ ಮಡಿಲಲ್ಲಿ, ಒಳಗಿನ ಉಣ್ಣೆ ಬನಿಯನ್ ಬೆವರಿಗೆ ಬೆನ್ನಿಗಂಟಿತ್ತು. ಹಿರಿಯೂರಿನ ಹತ್ತಿರ ಕಾರು ನಿಲ್ಲಿಸಿ ಬಟ್ಟೆ ಬದಲಾಯಿಸಬೇಕಾಯಿತು. ಪಾಪ, ಮುಖವೆಲ್ಲ ಕೆಂಪಾಗಿತ್ತು.

ಇನ್ನೊಂದು ದಾರಿ ಪದರಗಳದ್ದು. ಒಳಗೆ ಹತ್ತಿ ಅಂಗಿ, ಮೇಲೆ ತೆಳು ಸ್ವೆಟರ್, ಅದರ ಮೇಲೆ ಮಡಚಿದರೆ ಚೀಲಕ್ಕೆ ಹಿಡಿಯುವ ಹಗುರ ಜಾಕೆಟ್. ಪದರಗಳ ನಡುವೆ ಸಿಕ್ಕ ಗಾಳಿಯೇ ಮೈಯ ಬಿಸಿ ಹಿಡಿದಿಡುತ್ತದೆ. ಸೆಕೆಯಾದಂತೆ ಒಂದೊಂದೇ ತೆಗೆಯಬಹುದು. ವಿಮಾನದ ಏಸಿಗೆ ಸ್ವೆಟರ್ ಸಾಕು.

ಮನೆಯಿಂದ ನೇರ ಕಾರಲ್ಲಿ ಏರ್‌ಪೋರ್ಟಿಗೆ ಹೋಗುವವರು ಸುಮ್ನೆ ಪದರಗಳನ್ನೇ ಹಾಕಿಕೊಳ್ಳಿ. ಹಿಮದಲ್ಲಿ ಬಸ್ಸಿಗೆ ಕಾಯಬೇಕಿದ್ದರೆ ಮಾತ್ರ ದಪ್ಪದ್ದು ಬೇಕು. ಆಗಲೂ ಒಳಗೆ ಹತ್ತಿ ಅಂಗಿಯೇ ಇರಲಿ. ಚಪ್ಪಲಿಯನ್ನು ಕೈಚೀಲದಲ್ಲಿಡಿ. ಅಷ್ಟು ಹೊತ್ತು ಕೂತರೆ ಕಾಲು ಊದಿಕೊಳ್ಳುತ್ತದೆ ಅಲ್ವಾ?