ಸ್ಟೀಫನ್ ಕಿಂಗ್ ಅವರನ್ನು ಎಲ್ಲಿಂದ ಶುರು ಮಾಡಬೇಕು? ‘ಸೇಲಮ್ಸ್ ಲಾಟ್’ನಿಂದ

ಅಮೆರಿಕದ ಭಯಾನಕ ಕಥೆಗಳ ಲೇಖಕ ಸ್ಟೀಫನ್ ಕಿಂಗ್ ಅವರನ್ನು ಮೊದಲ ಸಲ ಓದುವವರು ‘ಸೇಲಮ್ಸ್ ಲಾಟ್’ನಿಂದ ಶುರು ಮಾಡಿ. 1975ರಲ್ಲಿ ಬಂದದ್ದು, ಅವರ ಎರಡನೇ ಕಾದಂಬರಿ. ಅರವತ್ತಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ ಅವರು. ಅಷ್ಟು ದೊಡ್ಡ ರಾಶಿಯಲ್ಲಿ ಯಾವುದಕ್ಕೆ ಕೈ ಹಾಕಬೇಕು ಅಂತ ತಿಳಿಯದೆ ಮಂದಿ ತಪ್ಪು ಪುಸ್ತಕ ಹಿಡಿಯುತ್ತಾರೆ, ನೂರು ಪುಟಕ್ಕೆ ಸುಸ್ತಾಗಿ ಬಿಡುತ್ತಾರೆ. ನಾನೂ ಹಾಗೇ ಬಿಟ್ಟವನು.

ನಾನು ಬಿಟ್ಟದ್ದು ‘ಇಟ್’. ಕೆಲಸದ ಮೇಲೆ ಬೆಳಗಾವಿಗೆ ಹೋದಾಗ ಹಳೇ ಪುಸ್ತಕದವರೊಬ್ಬರ ಹತ್ತಿರ 250 ರೂಪಾಯಿಗೆ ಸಿಕ್ಕಿತ್ತು. ಸಾವಿರದ ನೂರು ಪುಟ ದಾಟುತ್ತದೆ. 1958ರಲ್ಲಿ ಏಳು ಮಂದಿ ಸಣ್ಣವರ ಕಥೆ ನಡೆಯುತ್ತಿರುತ್ತದೆ, ಪುಟ ತಿರುವಿದರೆ ಅವರೇ ದೊಡ್ಡವರಾಗಿ 1985ರಲ್ಲಿ ಇರುತ್ತಾರೆ. ನಾನು ಹತ್ತನೇವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಕಲಿತದ್ದು ಬಾಗಲಕೋಟೆ ನವನಗರದ ಕೋರ್ಟಿನ ಹತ್ತಿರ ನಮ್ಮ ಟೈಪಿಂಗ್, ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ, ಅಫಿಡವಿಟ್ ಟೈಪ್ ಮಾಡಿ ಮಾಡಿ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಓದುತ್ತಿದ್ದೆ. 212ನೇ ಪುಟಕ್ಕೆ ಬರುವಷ್ಟರಲ್ಲಿ ಯಾರು ಯಾರ ತಮ್ಮ, ಯಾವ ವರ್ಷದ ಮಾತು ಅನ್ನೋದೇ ಕೈ ತಪ್ಪಿಹೋಯಿತು. ಪುಸ್ತಕದ ತಪ್ಪಲ್ಲ. ಅದು ಕಿಂಗ್ ಅವರ ದನಿ ಕಿವಿಗೆ ಕೂತಮೇಲೆ ಓದುವಂಥದ್ದು.

‘ಸೇಲಮ್ಸ್ ಲಾಟ್’ ಹಾಗಲ್ಲ. ಒಂದೇ ಊರು, ಒಂದೇ ಹಂಗಾಮು. ಅಮೆರಿಕದ ಮೇನ್ ರಾಜ್ಯದ ಸಣ್ಣ ಊರು ಜೆರೂಸಲೇಮ್ಸ್ ಲಾಟ್. ಸಣ್ಣವನಿದ್ದಾಗ ಕೆಲವು ವರ್ಷ ಅಲ್ಲಿದ್ದ ಬೆನ್ ಮಿಯರ್ಸ್ ಎಂಬ ಲೇಖಕ ತಿರುಗಿ ಬರುತ್ತಾನೆ. ಗುಡ್ಡದ ಮೇಲಿನ ಪಾಳು ಮಾರ್ಸ್ಟನ್ ಮನೆಯನ್ನು ಅಷ್ಟರಲ್ಲೇ ಬೇರೆ ಯಾರೋ ಹಿಡಿದಿರುತ್ತಾರೆ. ಹಳೇ ಪೀಠೋಪಕರಣದ ಅಂಗಡಿ ತೆರೆಯುತ್ತೇವೆ ಅಂತ ಬಂದ ಇಬ್ಬರು ಪಾಲುದಾರರು. ಅವರಲ್ಲಿ ಒಬ್ಬ ಹಗಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಿಂಗ್ ಆಗ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ರಕ್ತ ಹೀರುವ ಪಿಶಾಚಿಯ ಹಳೇ ಕಾದಂಬರಿ ‘ಡ್ರಾಕುಲಾ’ ಪಾಠ ಮಾಡುವ ದಿನಗಳಲ್ಲಿ ಒಮ್ಮೆ ಊಟಕ್ಕೆ ಕೂತಾಗ, ಆ ಡ್ರಾಕುಲಾ ಈಗಿನ ಅಮೆರಿಕಕ್ಕೆ ಬಂದರೆ ಏನಾದೀತು ಅಂತ ಮಾತು ಬಂತಂತೆ. ಈ ಪುಸ್ತಕ ಹುಟ್ಟಿದ್ದು ಅಲ್ಲಿಂದ. ಆದರೆ ನನ್ನನ್ನು ಹಿಡಿದದ್ದು ರಕ್ತ ಹೀರುವವನಲ್ಲ, ಊರು. ‘ದಿ ಲಾಟ್’ ಅಂತ ಒಂದು ಅಧ್ಯಾಯವಿದೆ. ಬೆಳಗಿನ ಜಾವ ನಾಲ್ಕಕ್ಕೆ ದನ ಹಿಂಡುವ ಹುಡುಗರಿಂದ ಹಿಡಿದು ತಾಸು ತಾಸಿಗೆ ಒಬ್ಬೊಬ್ಬರ ಮನೆಗೆ ಕರೆದೊಯ್ಯುತ್ತದೆ. ಹಾಲಿನವನು, ಶಾಲೆ ಬಸ್ಸಿನ ಡ್ರೈವರ್, ಕಸದ ತಿಪ್ಪೆ ಕಾಯುತ್ತ ಇಲಿಗೆ ಗುಂಡು ಹೊಡೆಯುವವನು, ದುರ್ಬೀನು ಹಿಡಿದು ಕಿಟಕಿಯಲ್ಲಿ ಕೂತು ಊರ ಸುದ್ದಿಯೆಲ್ಲ ಕೂಡಿಹಾಕುವ ಮುದುಕಿ. ಹೀಗೆ ಊರೆಲ್ಲ ಪರಿಚಯ ಮಾಡಿಸಿ, ಆಮೇಲೆ ಅದನ್ನು ಒಂದೊಂದೇ ಮನೆಯಾಗಿ ಖಾಲಿ ಮಾಡುತ್ತ ಹೋಗುತ್ತಾರೆ. ಇವತ್ತು ಒಬ್ಬ ಕೆಲಸಕ್ಕೆ ಬರಲಿಲ್ಲ. ನಾಳೆ ಮತ್ತೊಂದು ಮನೆಯ ಪರದೆ ಸರಿಯಲಿಲ್ಲ. ಬೊಬ್ಬೆ ಇಲ್ಲ, ಗದ್ದಲ ಇಲ್ಲ.

ನಾನು ಹಳೇ ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಿಗೆ ಊರಿನ ದೊಡ್ಡ ಭಾಗ ಮುಳುಗಡೆಯಾದಾಗ ನಾನು ಏಳನೇ ಇಯತ್ತೆ. ಊರು ಖಾಲಿಯಾಗುವುದು ಹೇಗಿರುತ್ತದೆ ಅನ್ನೋದನ್ನು ಕಣ್ಣಾರೆ ಕಂಡವನು. ಒಂದೇ ದಿನ ಎಲ್ಲರೂ ಎದ್ದು ಹೋಗುವುದಿಲ್ಲ. ಇವತ್ತು ಮೂಲಿಮನಿ ಕಾಕಾನ ಗಾಡಿ ತುಂಬಿತು. ಎಂಟು ದಿನ ಬಿಟ್ಟು ಗಿರಣಿಯವರದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಎಷ್ಟು ಮನೆಗೆ ಬೆಳಕಿದೆ ಅಂತ ಅವ್ವ ಎಣಿಸುತ್ತಿದ್ದಳು. ಹೋಗುವವರು ಬಾಗಿಲು, ಚೌಕಟ್ಟು, ತೊಲೆ, ಕಂಬ ಎಲ್ಲ ಕಿತ್ತುಕೊಂಡು ಹೋಗುತ್ತಿದ್ದರು. ಕಟ್ಟಿಗೆಗೆ ಬೆಲೆ ಇತ್ತಲ್ಲ. ಹಾಗಾಗಿ ಉಳಿದ ಮನೆಗಳಿಗೆ ಬಾಗಿಲ ಜಾಗದಲ್ಲಿ ಬರೀ ಕತ್ತಲೆ. ನಮ್ಮದನ್ನು ಬಿಚ್ಚುವ ದಿನ ಅಪ್ಪ ಹೊಸ್ತಿಲನ್ನು ಮಾತ್ರ ಬಡಿಗರಿಗೆ ಮುಟ್ಟಗೊಡಲಿಲ್ಲ. ತಾವೇ ಹಾರೆ ಹಾಕಿ ಎಬ್ಬಿಸಿ, ಗೋಣಿಚೀಲದಲ್ಲಿ ಸುತ್ತಿ ಟ್ರಾಲಿಗೆ ಇಟ್ಟರು. ಈಗಲೂ ನವನಗರದ ಸೆಕ್ಟರಿನ ನಮ್ಮ ಮನೆಯಲ್ಲಿ ಅದೇ ಹೊಸ್ತಿಲಿದೆ. ನಡುವೆ ಸವೆದು ತಗ್ಗು ಬಿದ್ದಿದೆ, ಅವ್ವ ಅದಕ್ಕೇ ಅರಿಷಿಣ ಕುಂಕುಮ ಹಚ್ಚುತ್ತಾಳೆ.

ಈ ಕಾದಂಬರಿಯಲ್ಲಿ ಕತ್ತಲೆಯವರು ಒಳಗೆ ಬರಬೇಕಾದರೆ ಮನೆಯವರು ಕರೆಯಬೇಕು. ಕರೆಯದೆ ಬರುವ ಹಾಗಿಲ್ಲ. ಸತ್ತು ಮಣ್ಣಾದ ಒಬ್ಬ ಹುಡುಗ ರಾತ್ರಿ ಮಹಡಿಯ ಕಿಟಕಿಗೆ ಬಂದು, ಗಾಜು ಗೀಚುತ್ತ, ತನ್ನ ಗೆಳೆಯನಿಗೆ ಒಳಗೆ ಬಿಡು ಅಂತ ಕೇಳುತ್ತಾನೆ. ಕಿಟಕಿಯ ಆಚೆ ನಿಲ್ಲಲು ಜಾಗವೇ ಇಲ್ಲ. ಇದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ನಮ್ಮ ಹೊಸ್ತಿಲ ಮೇಲೆ ಕೈಯಿಟ್ಟು ನೋಡಿದೆ. ಚೌಕಟ್ಟು ಕಿತ್ತ ಆ ಓಣಿಯ ಮನೆಗಳು ನೆನಪಾದವು. ಹೊಸ್ತಿಲೇ ಇಲ್ಲದ ಮನೆಯಲ್ಲಿ ಬಾ ಅನ್ನುವವರು ಯಾರು, ಬೇಡ ಅನ್ನುವವರು ಯಾರು? ಸಣ್ಣವನಿದ್ದಾಗ ಆ ಮನೆಗಳ ಮುಂದೆ ಯಾಕೆ ಓಡುತ್ತಿದ್ದೆ ಅನ್ನೋದು ಇಪ್ಪತ್ತು ವರ್ಷದ ಮೇಲೆ ತಿಳಿಯಿತು.

ಕೊರತೆಯೂ ಇದೆ. ಮುನ್ನುಡಿಯ ಹಾಗಿರುವ ಮೊದಲ ಭಾಗ ಕಥೆ ಮುಗಿದ ಮೇಲಿನದು, ಅರ್ಥವಾಗದಿದ್ದರೆ ಚಿಂತೆ ಬೇಡ, ಮುಂದೆ ಹೋಗಿ. ಹೆಸರುಗಳು ಬಹಳ. ನಾನು ಒಂದು ಖಾಲಿ ಹಾಳೆ ಮಡಚಿ ಪುಸ್ತಕದಲ್ಲಿಟ್ಟು ಯಾರು ಯಾರು ಅಂತ ಬರೆದುಕೊಂಡೆ, ಅದರಿಂದ ಭಾಳ ಅನುಕೂಲವಾಯಿತು. ಸೂಸನ್ ಎಂಬ ಹುಡುಗಿಯ ಪಾತ್ರಕ್ಕೆ ಇನ್ನಷ್ಟು ಜೀವ ತುಂಬಬೇಕಿತ್ತು. ಮೊದಲ ನೂರು ಪುಟ ನಿಧಾನ. ಆ ನಿಧಾನ ನನಗೆ ಹಿಡಿಸಿತು, ಎಲ್ಲರಿಗೂ ಹಿಡಿಸಲಿಕ್ಕಿಲ್ಲ.

ಎರಡನೆಯದಾಗಿ ‘ದಿ ಶೈನಿಂಗ್’ ಓದಿ, 1977ರದು. 1974ರಲ್ಲಿ ಕಿಂಗ್ ದಂಪತಿ ಕೊಲರಾಡೊದ ಸ್ಟ್ಯಾನ್ಲಿ ಹೋಟೆಲಿನಲ್ಲಿ ಒಂದು ರಾತ್ರಿ ಉಳಿದರು. ಚಳಿಗಾಲಕ್ಕೆ ಮುಚ್ಚುವ ಹೊತ್ತು, ಅಷ್ಟು ದೊಡ್ಡ ಕಟ್ಟಡದಲ್ಲಿ ಬೇರೆ ಅತಿಥಿಗಳೇ ಇರಲಿಲ್ಲವಂತೆ. ಕಾದಂಬರಿಯಲ್ಲಿ ಅಂಥದೇ ಹೋಟೆಲ್ ಕಾಯಲು ಜ್ಯಾಕ್ ಟೊರೆನ್ಸ್ ಹೆಂಡತಿ, ಮಗನನ್ನು ಕರೆದುಕೊಂಡು ಹೋಗುತ್ತಾನೆ. ಕುಡಿತ ಬಿಟ್ಟವನು, ಆದರೆ ಕುಡಿತದ ದಿನಗಳಲ್ಲಿ ಸಿಟ್ಟಿಗೆ ಮಗನ ಕೈ ಮುರಿದವನು. ನೆಲಮಾಳಿಗೆಯ ಬಾಯ್ಲರಿನ ಒತ್ತಡವನ್ನು ಅವನು ದಿನಾ ಇಳಿಸಬೇಕು. ನಮ್ಮ ಅಂಗಡಿಗೆ ಗಂಡನ ಮೇಲೆ ಅರ್ಜಿ ಬರೆಸಲು ಹೆಣ್ಣುಮಕ್ಕಳು ಬರುತ್ತಾರೆ. ಎಲ್ಲ ಹೇಳಿ ಮುಗಿಸಿ, ಕೊನೆಗೆ “ಕುಡೀಲಿಲ್ಲಂದ್ರ ದೇವರಂಥ ಮನುಷ್ಯಾರೀ ಅಣ್ಣಾರ” ಅಂತಾರೆ. ಆ ಮಾತನ್ನು ಅರ್ಜಿಯಲ್ಲಿ ಟೈಪ್ ಮಾಡಲು ಬರುವುದಿಲ್ಲ. ಕಿಂಗ್ ಆ ಮಾತಿನ ಮೇಲೇ ಇಡೀ ಕಾದಂಬರಿ ಬರೆದಿದ್ದಾರೆ. ಸಿನಿಮಾ ನೋಡಿದವರೂ ಪುಸ್ತಕ ಓದಬೇಕು. ಸಿನಿಮಾದ ಜ್ಯಾಕ್ ಮೊದಲಿನಿಂದಲೇ ಕೆಟ್ಟವನಂತೆ ಕಾಣುತ್ತಾನೆ, ಪುಸ್ತಕದವನ ಮೇಲೆ ನಮಗೆ ಪ್ರೀತಿ ಹುಟ್ಟಿರುತ್ತದೆ.

‘ಪೆಟ್ ಸೆಮೆಟರಿ’ ಬಗ್ಗೆ ಮಾತ್ರ ಕಳಕಳಿಯಿಂದ ಹೇಳುತ್ತೇನೆ: ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದರಿಂದ ಶುರು ಮಾಡಬೇಡಿ. ಲಾರಿಗಳು ಓಡುವ ರಸ್ತೆಯ ಪಕ್ಕದ ಮನೆ, ಡಾಕ್ಟರ್ ಅಪ್ಪ, ಮಗಳು, ಪುಟ್ಟ ಮಗ, ಒಂದು ಬೆಕ್ಕು. ಕಿಂಗ್ ಅವರೇ ಅಂಥ ರಸ್ತೆಯ ಬದಿ ಇದ್ದರು, ಅವರ ಮಗಳ ಬೆಕ್ಕೂ ಅಲ್ಲೇ ಸತ್ತಿತ್ತು. ಬರೆದ ಮೇಲೆ ಇದು ಬೇಡವೆಂದು ಎತ್ತಿಟ್ಟು, 1983ರಲ್ಲಿ ಹೊರಗೆ ತಂದರು. ನಾನು ಓದಿದ್ದು ಕಬ್ಬಿನ ಹಂಗಾಮಿನಲ್ಲಿ, ಮುಧೋಳ ಕಡೆ ಅತ್ತೆಯವರ ಊರಲ್ಲಿ. ಎರಡೆರಡು ಟ್ರಾಲಿ ಹೇರಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಹೋಗುತ್ತಿದ್ದವು. ನನ್ನ ನಾಲ್ಕು ವರ್ಷದ ಮಗಳು ಕಟ್ಟೆಯಿಂದ ಇಳಿದು, ಟ್ರಾಲಿಯಿಂದ ಬಿದ್ದ ಕಬ್ಬು ಆರಿಸಲು ರಸ್ತೆಯ ಕಡೆ ನಾಲ್ಕು ಹೆಜ್ಜೆ ಇಟ್ಟಳು. ಪುಸ್ತಕ ಒಗೆದು ಓಡಿ ಎತ್ತಿಕೊಂಡೆ. ಆಗ ಯಾವ ಗಾಡಿಯೂ ಬರುತ್ತಿರಲಿಲ್ಲ. ಆದರೂ ಆ ಪುಸ್ತಕ ಮುಗಿಸಲು ನನಗೆ ಆರು ತಿಂಗಳು ಹಿಡಿಯಿತು. ಅಷ್ಟು ಸಾಚಾ ಪುಸ್ತಕ ಅದು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 1974ರ ‘ಕ್ಯಾರಿ’ ಅವರ ಮೊದಲನೆಯದು. ಕಸದ ಬುಟ್ಟಿಗೆ ಹಾಕಿದ್ದ ಹಾಳೆಗಳನ್ನು ಹೆಂಡತಿ ಟ್ಯಾಬಿತಾ ಎತ್ತಿ ಓದಿ, ಮುಂದುವರಿಸು ಅಂದರು. ಸಣ್ಣ ಪುಸ್ತಕ, ಆದರೆ ನಡುನಡುವೆ ವರದಿ, ಪತ್ರಿಕೆ ತುಣುಕುಗಳು ಬರುವುದರಿಂದ ಹೊಸಬರಿಗೆ ತೊಡಕು. ದೆವ್ವ ಬೇಡ ಅನ್ನುವವರಿಗೆ ‘ಮಿಸರಿ’: ಕಾಲು ಮುರಿದುಕೊಂಡ ಲೇಖಕ, ಅವನನ್ನು ಮನೆಯಲ್ಲೇ ಕೂಡಿಹಾಕಿದ ನರ್ಸ್, ಇಡೀ ಪುಸ್ತಕ ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ. ಇಂಗ್ಲಿಷ್ ಕಷ್ಟವಾಗುವವರಿಗೆ ಇದೂ ಸಲೀಸು. ನನ್ನ ತಂಗಿಗೆ ‘ಡಿಫರೆಂಟ್ ಸೀಸನ್ಸ್’ ಕೊಟ್ಟೆ, 1982ರ ನಾಲ್ಕು ನೀಳ್ಗತೆಗಳು. ಶಾಶಾಂಕ್ ಜೈಲಿನ ಕಥೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅತ್ತಳು. ‘ದಿ ಡಾರ್ಕ್ ಟವರ್’ ಎಂಟು ಪುಸ್ತಕದ ಸರಣಿ, ಅದನ್ನು ಕೊನೆಗಿಡಿ. ‘ಸೇಲಮ್ಸ್ ಲಾಟ್’ನ ಪಾದ್ರಿ ಅದರ ಐದನೇ ಪುಸ್ತಕದಲ್ಲಿ ತಿರುಗಿ ಬರುತ್ತಾರೆ. ಅವರನ್ನು ಮೊದಲೇ ಬಲ್ಲವರಿಗೆ ಅಲ್ಲಿ ಸಿಗುವ ಸಂತೋಷವೇ ಬೇರೆ.

ಬಾಗಲಕೋಟೆಯವರು ಯಾರಾದರೂ ಓದುವುದಾದರೆ ‘ಸೇಲಮ್ಸ್ ಲಾಟ್’ನ ನನ್ನ ಪ್ರತಿ ಕೊಡುತ್ತೇನೆ. ಬೆನ್ನು ಬಿಚ್ಚಿತ್ತು, ಅಂಗಡಿಯಲ್ಲೇ ಹೊಲಿದು ಬೈಂಡ್ ಮಾಡಿದ್ದೇನೆ. ಹೆಸರು ಬರೆದ ಹಾಳೆಯೂ ಒಳಗೇ ಇದೆ. ‘ಇಟ್’ ಮಾತ್ರ ಸದ್ಯಕ್ಕೆ ಕೊಡಲಾರೆ. ಮತ್ತೆ ಮೊದಲಿನಿಂದ ಹಿಡಿದಿದ್ದೇನೆ, ನಿನ್ನೆ ಮಧ್ಯಾಹ್ನ 640ನೇ ಪುಟ ದಾಟಿದೆ.